ನಮ್ಮೂರ ಹಳ್ಳ ಯಾಕೆ ಬತ್ತಿತು ಅಂತ ಎಂಟು ತಿಂಗಳಲ್ಲಿ ಹುಡುಕಬಹುದಾ?

ಪ್ರಶ್ನೆ: ಮೇಡಂ, ನಾನು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಊರು ರಾಮನಗರದ ಹತ್ತಿರ. ನಮ್ಮೂರ ಹಳ್ಳ ಮುಂದೆ ಹೋಗಿ ಅರ್ಕಾವತಿ ಸೇರುತ್ತದೆ. ಅಜ್ಜಿ ಕಾಲದಲ್ಲಿ ಶಿವರಾತ್ರಿ ದಾಟಿದರೂ ಹರಿಯುತ್ತಿತ್ತಂತೆ, ಈಗ ದೀಪಾವಳಿ ಹೊತ್ತಿಗೇ ನಿಂತುಬಿಡುತ್ತದೆ. ಅದು ಯಾಕೆ ಬತ್ತಿತು ಅನ್ನೋದೇ ನನ್ನ ಪ್ರಾಜೆಕ್ಟ್ ಆಗಬೇಕು ಅಂತ ಆಸೆ. ಗೈಡ್ ಸರ್ "ಅದೆಲ್ಲ ದೊಡ್ಡ ವಿಷಯ, ನೀರಿನ ಸ್ಯಾಂಪಲ್ ತಂದು ಟೆಸ್ಟ್ ಮಾಡು ಸಾಕು" ಅಂತಾರೆ. ಸೀನಿಯರ್‌ಗಳು "ಕಂಪ್ಯೂಟರ್ ಮಾಡೆಲ್ ಮಾಡು, ಕೆಲಸ ಸಿಗುತ್ತೆ" ಅಂತಾರೆ. ಆಗಸ್ಟ್‌ನಿಂದ ಮಾರ್ಚ್‌ವರೆಗೆ ಸಮಯ ಇದೆ. ಉಪಕರಣ ಇಲ್ಲ, ದುಡ್ಡೂ ಇಲ್ಲ. ಏನು ಮಾಡಲಿ?

ಉತ್ತರ: ಮಾಡಬಹುದು. ಪೂರ್ತಿ ಉತ್ತರ ಸಿಗದೆ ಹೋಗಬಹುದು. ಆದರೆ ಎಂಟು ತಿಂಗಳಲ್ಲಿ ಒಂದೆರಡು ತಪ್ಪು ಉತ್ತರಗಳನ್ನು ಲೆಕ್ಕ ಕೊಟ್ಟು ಪಕ್ಕಕ್ಕೆ ಸರಿಸಬಹುದು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಷ್ಟು ಧಾರಾಳವಾಗಿ ಸಾಕು. ನೀವು ಪ್ರಶ್ನೆಯನ್ನು ಅಜ್ಜಿಯ ಬಾಯಿಂದ ಪಡೆದು ಬಂದಿದ್ದೀರಿ, ಅದು ನನಗೆ ತುಂಬಾ ಇಷ್ಟವಾಯಿತು. ಎಷ್ಟೋ ವಿದ್ಯಾರ್ಥಿಗಳು ಸಾಫ್ಟ್‌ವೇರ್ ಮೊದಲು ಹಿಡಿದು ಆಮೇಲೆ ಅದಕ್ಕೆ ಹೊಂದುವ ನದಿಯನ್ನು ಹುಡುಕುತ್ತಾರೆ.

ನಿಮ್ಮ ಅದೃಷ್ಟ ಏನಂದರೆ, ಇದೇ ಪ್ರಶ್ನೆಯನ್ನು ಅರ್ಕಾವತಿಯ ಬಗ್ಗೆ ದೊಡ್ಡ ಮಟ್ಟದಲ್ಲಿ ಈಗಾಗಲೇ ಕೇಳಿದ್ದಾರೆ. ನಂದಿ ಬೆಟ್ಟದ ಕಡೆ ಹುಟ್ಟುವ ಈ ನದಿಯ ನೀರನ್ನೇ ನಂಬಿ ಬೆಂಗಳೂರಿಗೆ 1894ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಆಯಿತು. ಅದರ ಜಲಾನಯನ ಪ್ರದೇಶ ಸುಮಾರು 1,447 ಚದರ ಕಿಲೋಮೀಟರ್. ಅಷ್ಟು ದೊಡ್ಡ ಜಾಗದಿಂದ ನೀರು ಹರಿದು ಬರಬೇಕಾದ ಜಲಾಶಯಕ್ಕೆ ವರ್ಷದಿಂದ ವರ್ಷಕ್ಕೆ ನೀರು ಕಡಿಮೆ ಆಗುತ್ತಾ ಬಂತು. ಯಾರನ್ನು ಕೇಳಿದರೂ ಹೇಳುವುದು ಒಂದೇ ಮಾತು, ಮಳೆ ಕಡಿಮೆ ಆಯ್ತು ಅಂತ. ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹೊರಗಿನ ಕೆಲವು ಸಂಶೋಧಕರ ಜೊತೆ ಸೇರಿ ಆ ಮಾತನ್ನು ಹಾಗೇ ಒಪ್ಪದೆ ಪರೀಕ್ಷೆ ಮಾಡಿದರು. ಅವರ ಪ್ರಬಂಧ 2015ರಲ್ಲಿ ಬಂತು.

ಅವರು ಮಾಡಿದ್ದು ಇಷ್ಟು. ನದಿ ಬತ್ತಲು ಏನೇನು ಕಾರಣ ಇರಬಹುದೋ ಅಷ್ಟನ್ನೂ ಪಕ್ಕಪಕ್ಕದಲ್ಲಿ ಇಟ್ಟರು. ಮಳೆ ಕಡಿಮೆಯಾಗಿರಬಹುದು, ಸೆಕೆ ಜಾಸ್ತಿಯಾಗಿ ನೀರು ಆವಿಯಾಗುತ್ತಿರಬಹುದು, ಬೋರ್‌ವೆಲ್‌ಗಳು ಅಂತರ್ಜಲ ಎಳೆದಿರಬಹುದು, ನೀಲಗಿರಿ ತೋಪುಗಳು ಕುಡಿದಿರಬಹುದು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳು ನೀರು ತಡೆದಿರಬಹುದು. ಆಮೇಲೆ ಒಂದೊಂದನ್ನೇ ತೆಗೆದುಕೊಂಡು, ಇದೇ ಕಾರಣ ಆಗಿದ್ದರೆ ಏನು ಕಾಣಬೇಕಿತ್ತು, ಅದು ಕಾಣುತ್ತಿದೆಯಾ ಅಂತ ನೋಡಿದರು. ಮಳೆಯ ದಾಖಲೆಯಲ್ಲಿ ನದಿ ಬತ್ತುವಷ್ಟು ಇಳಿಕೆ ಸಿಗಲಿಲ್ಲ. ಉಷ್ಣಾಂಶದ ಏರಿಕೆಯೂ ಇಷ್ಟು ದೊಡ್ಡ ಬದಲಾವಣೆಗೆ ಸಾಲಲಿಲ್ಲ. ಕೊನೆಗೆ ಬಲವಾಗಿ ಉಳಿದದ್ದು ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ. ಒಡ್ಡುಗಳ ಪಾಲೂ ಇರಬಹುದು ಅಂತ ಬಿಟ್ಟರು.

ನಿಮ್ಮ ಹಳ್ಳಕ್ಕೆ ಅವರ ಉತ್ತರವನ್ನು ನಕಲು ಮಾಡಬೇಡಿ. ಅವರ ದಾರಿ ತೆಗೆದುಕೊಳ್ಳಿ. ನಿಮ್ಮೂರ ಕಡೆ ನೀಲಗಿರಿ ಇಲ್ಲದೆ ಹಿಪ್ಪುನೇರಳೆ ತೋಟಗಳೇ ಜಾಸ್ತಿ ಇರಬಹುದು. ಮೇಲಿನ ಕೆರೆಯ ಕೋಡಿಯನ್ನು ಯಾರೋ ಎತ್ತರಿಸಿರಬಹುದು. ಮರಳು ತೆಗೆದು ಹಳ್ಳದ ತಳವೇ ಬದಲಾಗಿರಬಹುದು. ಕಾರಣಗಳ ಪಟ್ಟಿ ನಿಮ್ಮೂರಿನದ್ದೇ ಆಗಬೇಕು.

ಆದರೆ ಇದೆಲ್ಲಕ್ಕೂ ಮೊದಲು ಒಂದು ಕೆಲಸ ಇದೆ, ಇಪ್ಪತ್ತು ವರ್ಷದಿಂದ ನಾನು ಪ್ರತಿ ಬ್ಯಾಚಿಗೂ ಹೇಳುವುದು ಇದನ್ನೇ. ಹರಿವು ಅಳೆಯಿರಿ. ಒಂದು ಸೆಕೆಂಡಿಗೆ ಎಷ್ಟು ಲೀಟರ್ ಹೋಗುತ್ತಿದೆ ಅಂತ ಗೊತ್ತಿಲ್ಲದೆ ನದಿಯ ಬಗ್ಗೆ ಏನೇ ಹೇಳಿದರೂ ಅದು ಅರ್ಧ ಮಾತು.

ಉಪಕರಣ ಇಲ್ಲ ಅಂದಿರಿ. ಬೇಕಾದದ್ದು ಒಂದು ಟೇಪು, ಅಳತೆ ಗುರುತು ಮಾಡಿದ ಒಂದು ಕೋಲು, ಮೊಬೈಲಿನ ಸ್ಟಾಪ್‌ವಾಚ್, ನಾಲ್ಕು ನಿಂಬೆಹಣ್ಣು. ಹಳ್ಳ ನೇರವಾಗಿ ಹರಿಯುವ, ಬಂಡೆ ಜೊಂಡು ಇಲ್ಲದ ಹತ್ತು ಮೀಟರ್ ಜಾಗ ಹುಡುಕಿ. ಅಗಲ ಅಳೆಯಿರಿ. ದಡದಿಂದ ದಡಕ್ಕೆ ಪ್ರತಿ ಅರ್ಧ ಮೀಟರಿಗೊಮ್ಮೆ ಕೋಲು ಇಳಿಸಿ ಆಳ ನೋಡಿ. ನಿಂಬೆಹಣ್ಣನ್ನು ಮೇಲಿನ ಗುರುತಿಗಿಂತ ಸ್ವಲ್ಪ ಹಿಂದೆಯೇ ಬಿಟ್ಟು, ಅದು ಎರಡು ಗುರುತುಗಳ ನಡುವೆ ಹೋಗಲು ಎಷ್ಟು ಸೆಕೆಂಡು ಅಂತ ನೋಡಿ. ನಡುವೆ, ಎಡಕ್ಕೆ, ಬಲಕ್ಕೆ ಎಲ್ಲ ಸೇರಿ ಎಂಟು ಹತ್ತು ಸಲ ಬಿಡಿ. ನೀರು ಮೇಲ್ಗಡೆ ಬೇಗ ಓಡುತ್ತದೆ, ತಳದಲ್ಲಿ ನಿಧಾನ. ಅದಕ್ಕೇ ಸಿಕ್ಕ ವೇಗವನ್ನು 0.85ರಿಂದ ಗುಣಿಸಬೇಕು.

ಒಂದು ಉದಾಹರಣೆ ಮಾಡೋಣ. ಅಗಲ 4 ಮೀಟರ್, ಸರಾಸರಿ ಆಳ 0.3 ಮೀಟರ್ ಅಂದರೆ 1.2 ಚದರ ಮೀಟರ್. ನಿಂಬೆಹಣ್ಣು 10 ಮೀಟರ್ ಹೋಗಲು 25 ಸೆಕೆಂಡು, ಅಂದರೆ ಸೆಕೆಂಡಿಗೆ 0.4 ಮೀಟರ್, 0.85ರಿಂದ ಗುಣಿಸಿದರೆ 0.34. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 0.408 ಘನ ಮೀಟರ್, ಅಂದರೆ ಸುಮಾರು 408 ಲೀಟರ್. ಪೇಪರಿನಲ್ಲಿ ಓದುವ, ಸೆಕೆಂಡಿಗೆ ಇಷ್ಟು ಘನ ಅಡಿ ಅನ್ನುವ ಕ್ಯುಸೆಕ್‌ನಲ್ಲಿ ಹೇಳಿದರೆ 14 ಚಿಲ್ಲರೆ. ದಿನಕ್ಕೆ ಮೂರೂವರೆ ಕೋಟಿ ಲೀಟರ್ ಆಯಿತು. ಅದೇ ಹಳ್ಳ ಒಂದು ದಿನವೂ ನಿಲ್ಲದೆ ಹೀಗೇ ಹರಿದರೂ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಆಗಲು 800 ದಿನ ಬೇಕು. ಈ ಲೆಕ್ಕ ಒಮ್ಮೆ ಕೈಯಾರೆ ಮಾಡಿದವರಿಗೆ ಟಿಎಂಸಿ ಅನ್ನುವ ಪದ ಮತ್ತೆ ಮೊದಲಿನ ಹಾಗೆ ಕೇಳುವುದಿಲ್ಲ. ಈ ವಿಧಾನದಲ್ಲಿ ಶೇ 20ರಷ್ಟು ಹೆಚ್ಚುಕಡಿಮೆ ಆಗಬಹುದು. ಅದನ್ನು ಮುಚ್ಚಿಡದೆ ವರದಿಯಲ್ಲೇ ಬರೆಯಿರಿ.

ಪ್ರತಿದಿನ ಹೀಗೆ ಮಾಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಹತ್ತಿರದ ಸೇತುವೆಯ ಕಂಬಕ್ಕೆ ಪಂಚಾಯಿತಿಯವರ ಒಪ್ಪಿಗೆ ಪಡೆದು ಸೆಂಟಿಮೀಟರ್ ಗುರುತು ಬರೆಯಿರಿ. ಹರಿವು ಅಳೆದಾಗಲೆಲ್ಲ ಆ ಹೊತ್ತಿನ ಮಟ್ಟವನ್ನೂ ಬರೆದುಕೊಳ್ಳಿ. ಬೇರೆ ಬೇರೆ ಮಟ್ಟದಲ್ಲಿ ಹತ್ತು ಹನ್ನೆರಡು ಅಳತೆ ಆದ ಮೇಲೆ ಮಟ್ಟಕ್ಕೂ ಹರಿವಿಗೂ ಒಂದು ಗೆರೆ ಎಳೆಯಲು ಬರುತ್ತದೆ. ಆಮೇಲೆ ಬರೀ ಮಟ್ಟ ನೋಡಿದರೆ ಸಾಕು, ಹರಿವು ಗೊತ್ತಾಗುತ್ತದೆ. ಮಟ್ಟ ನೋಡುವ ಕೆಲಸ ಸೇತುವೆ ಪಕ್ಕದ ಟೀ ಅಂಗಡಿಯವರೂ ಮಾಡಿಕೊಡುತ್ತಾರೆ, ಶಾಲೆಗೆ ಹೋಗುವ ಮಕ್ಕಳೂ ಮಾಡುತ್ತಾರೆ. ನಮ್ಮ ಒಂದು ಬ್ಯಾಚಿನವರು ಬರೆದ ಗುರುತಿನ ಮೇಲೆ ಯಾರೋ ಸುಣ್ಣ ಬಳಿದು ಮೂರು ವಾರದ ಮಟ್ಟ ಹೋಯಿತು. ಅಂದಿನಿಂದ ನಾನು ದಡದ ಬಂಡೆಯ ಮೇಲೂ ಎರಡನೇ ಗುರುತು ಹಾಕಿಸುತ್ತೇನೆ. ದೊಡ್ಡ ಪ್ರವಾಹ ಬಂದು ಹೋದ ಮೇಲೆ ಹಳ್ಳದ ತಳ ಬದಲಾಗಿರುತ್ತದೆ, ಆಗ ಅಡ್ಡ ಅಳತೆಯನ್ನು, ಅಂದರೆ ಅಗಲ ಮತ್ತು ಆಳವನ್ನು, ಹೊಸದಾಗಿ ತೆಗೆಯಬೇಕು.

ನಿಮ್ಮ ಎಂಟು ತಿಂಗಳು ಬಿದ್ದಿರುವುದೂ ಒಳ್ಳೆಯ ಕಾಲದಲ್ಲೇ. ನಿಮ್ಮ ಕಡೆ ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಜೋರು ಮಳೆ ಅಲ್ವಾ. ಹಳ್ಳ ಏರುವುದೂ ಸಿಗುತ್ತದೆ, ಇಳಿಯುವುದೂ ಸಿಗುತ್ತದೆ. ನಿಮಗೆ ಮುಖ್ಯವಾದದ್ದು ಇಳಿಯುವ ಭಾಗ. ಮಳೆ ಬಿದ್ದ ದಿನದ ಹರಿವು ನೆಲದ ಮೇಲಿಂದ ಓಡಿ ಬಂದದ್ದು. ಚಿತ್ತೆ, ಸ್ವಾತಿ ಮಳೆ ಮುಗಿದು ಹದಿನೈದು ದಿನ ಆದ ಮೇಲೂ ಹಳ್ಳದಲ್ಲಿ ನೀರಿದ್ದರೆ ಅದು ನೆಲದೊಳಗಿಂದ ಜಿನುಗಿ ಬಂದದ್ದು. ಅಜ್ಜಿ ಹೇಳಿದ ಶಿವರಾತ್ರಿಯ ನೀರು ಅದೇ. ಆ ಜಿನುಗು ಎಷ್ಟು ಬೇಗ ಕುಗ್ಗುತ್ತದೆ ಅಂತ ನೋಡಿದರೆ ದಡದ ನೆಲದಲ್ಲಿ ಎಷ್ಟು ನೀರು ಉಳಿದಿದೆ ಅನ್ನುವ ಅಂದಾಜು ಸಿಗುತ್ತದೆ. ಹಳ್ಳ ನಿಂತ ದಿನ "ಇನ್ನೇನು ಕೆಲಸ" ಅಂತ ಮನೆಯಲ್ಲಿ ಕೂರಬೇಡಿ. ಸೊನ್ನೆಯೂ ಒಂದು ಅಳತೆ. ಯಾವ ದಿನ ಹರಿವು ನಿಂತಿತು, ಯಾವ ಮಡುವಿನಲ್ಲಿ ನೀರು ಎಷ್ಟು ದಿನ ಉಳಿಯಿತು, ಎಲ್ಲ ಬರೆಯಿರಿ.

ಇನ್ನು ಬಾವಿಗಳು. ನನ್ನ ಮಟ್ಟಿಗೆ ನಿಮ್ಮ ಪ್ರಾಜೆಕ್ಟಿನ ಜೀವ ಇರುವುದು ಇಲ್ಲಿ. ನಿಮ್ಮ ಕಡೆಯದು ಗಟ್ಟಿ ಕಲ್ಲಿನ ನೆಲ. ಹಿಂದೆ ನೀರು ಇರುತ್ತಿದ್ದದ್ದು ಮೇಲಿನ ಸಡಿಲ ಪದರದಲ್ಲಿ, ಕಪಿಲೆ ಬಾವಿಯಿಂದ ಎತ್ತುಗಳು ಎಳೆದು ಹಾಕುವಷ್ಟು ಮೇಲೆ. ಬಾವಿಯ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಎತ್ತರ ಇದ್ದರೆ ನೆಲ ಹಳ್ಳಕ್ಕೆ ನೀರು ಕೊಡುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ಹಳ್ಳವೇ ನೆಲಕ್ಕೆ ಕೊಡಬೇಕು. ಆಗ ಎಂಥಾ ಮಳೆ ಬಂದರೂ ನೆಲ ನಾಲ್ಕು ದಿನದಲ್ಲಿ ಕುಡಿದುಬಿಡುತ್ತದೆ. ಬೋರ್‌ಗಳು ಸಾವಿರ ಅಡಿಗೆ ಇಳಿದ ಊರಿನಲ್ಲಿ ಆಗಿರುವುದು ಸಾಮಾನ್ಯವಾಗಿ ಇದೇ.

ಇದನ್ನು ನೋಡಲು ಹಗ್ಗ, ಕಲ್ಲು, ಟೇಪು ಸಾಕು. ಹಳ್ಳದ ಎರಡೂ ಬದಿಯ ಅರ್ಧ ಕಿಲೋಮೀಟರ್ ಒಳಗಿನ ತೆರೆದ ಬಾವಿಗಳನ್ನೆಲ್ಲ ಎಣಿಸಿ. ನೀರಿದ್ದರೆ ಅದರ ಮಟ್ಟ, ಇಲ್ಲದಿದ್ದರೆ ಬಾವಿಯ ತಳದ ಆಳ ಬರೆಯಿರಿ. ಬಾವಿಯ ಕಟ್ಟೆಗೂ ಹಳ್ಳದ ತಳಕ್ಕೂ ಎತ್ತರ ಎಷ್ಟು ವ್ಯತ್ಯಾಸ ಅಂತ ತಿಳಿಯಲು ಗಾರೆ ಕೆಲಸದವರು ಬಳಸುವ ನೀರು ತುಂಬಿದ ಲೆವೆಲ್ ಪೈಪು ಇದೆಯಲ್ಲ, ಅದು ಸಾಕು. ಒಬ್ಬ ಮೇಸ್ತ್ರಿಯನ್ನು ಅರ್ಧ ದಿನ ಕರೆದುಕೊಂಡು ಹೋದರೆ ನನಗಿಂತ ಚೆನ್ನಾಗಿ ಕಲಿಸುತ್ತಾರೆ.

ಆಮೇಲೆ ಬಾವಿಯವರನ್ನು ಮಾತಾಡಿಸಿ. "ಯಾವ ವರ್ಷ ಬತ್ತಿತು" ಅಂತ ಸೀದಾ ಕೇಳಿದರೆ ಅಂದಾಜು ಹೇಳುತ್ತಾರೆ. "ಮಗಳ ಮದುವೆಗೆ ಮುಂಚೆಯಾ ಆಮೇಲಾ, ಮೊದಲ ಬೋರ್ ಕೊರೆಸಿದಾಗ ಬಾವಿಯಲ್ಲಿ ನೀರಿತ್ತಾ, ಕೆರೆ ಕೊನೇ ಸಲ ಕೋಡಿ ಬಿದ್ದದ್ದು ಯಾವಾಗ" ಅಂತ ಕೇಳಿದರೆ ವರ್ಷ ತಾನಾಗಿ ಹೊರಗೆ ಬರುತ್ತದೆ. ಕೆರೆ ಕೋಡಿ ಬಿದ್ದ ವರ್ಷವನ್ನು ಊರು ಮರೆಯುವುದಿಲ್ಲ. ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದವರು ಯಾರಾದರೂ ಇದ್ದರೆ ಅವರ ಹತ್ತಿರ ಒಂದು ಪೂರ್ತಿ ದಿನ ಕೂರಿ. ಒಬ್ಬರು ಹೇಳಿದ್ದನ್ನೇ ನಂಬಬೇಡಿ, ಇಪ್ಪತ್ತು ಮನೆ ಆಗಲಿ. ಇಪ್ಪತ್ತು ಬಾವಿಗಳ ಬತ್ತಿದ ವರ್ಷಗಳನ್ನು ಒಂದು ನಕ್ಷೆಯ ಮೇಲೆ ಇಟ್ಟಾಗ, ಮೇಲಿನ ಊರಿನ ಬಾವಿಗಳು ಮೊದಲು ಹೋದವಾ ಕೆಳಗಿನವಾ ಅಂತ ಕಾಣುತ್ತದಲ್ಲ, ಆ ಕ್ಷಣಕ್ಕಾಗಿಯೇ ನಾನು ಈ ವಿಷಯ ಕಲಿಸುತ್ತೇನೆ. ಇದು ಯಾವ ಉಪಗ್ರಹ ಚಿತ್ರದಲ್ಲೂ ಸಿಗುವುದಿಲ್ಲ.

ಮಳೆಯ ಲೆಕ್ಕ ಸುಲಭ. ಹವಾಮಾನ ಇಲಾಖೆಯ 1901ರಿಂದ ಈಚಿನ ದಿನದ ಮಳೆಯ ಅಂಕಿಗಳು ಉಚಿತವಾಗಿ ಸಿಗುತ್ತವೆ. ಆದರೆ ಅವು ಸುಮಾರು 25 ಕಿಲೋಮೀಟರಿಗೊಂದು ಚೌಕದ ಲೆಕ್ಕ, ಹಳ್ಳಕ್ಕೆ ತೀರಾ ದೊಡ್ಡದು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಅಲ್ಲಿ ಕೇಳಿ. ಮನೆ ಮೇಲೆ ನಿಮ್ಮದೂ ಒಂದು ಇಡಿ, ಬೆಳಿಗ್ಗೆ 8.30ಕ್ಕೆ ನೋಡಿ, ಇಲಾಖೆಯವರು ನೋಡುವುದೂ ಅದೇ ಹೊತ್ತಿಗೆ. ಬೆಳೆ, ತೋಪು, ಕೆರೆ ಹೇಗೆ ಬದಲಾದವು ಅಂತ ನೋಡಲು ಲ್ಯಾಂಡ್‌ಸ್ಯಾಟ್ ಚಿತ್ರಗಳು 1980ರ ದಶಕದಿಂದ 30 ಮೀಟರ್ ವಿವರದಲ್ಲಿ, ಸೆಂಟಿನೆಲ್ ಚಿತ್ರಗಳು 2015ರಿಂದ 10 ಮೀಟರ್ ವಿವರದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಅವನ್ನು ತೆರೆಯುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಕೂಡ ಉಚಿತ.

ಈಗ ನಿಮ್ಮ ಗೈಡ್ ವಿಷಯ. ಅವರ ಮಾತು ತಳ್ಳಿಹಾಕಬೇಡಿ. ನೀರಿನ ಗುಣಮಟ್ಟಕ್ಕೂ ಹರಿವಿಗೂ ಜಗಳ ಇಲ್ಲ. ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕಕ್ಕೆ ಬಿಒಡಿ ಅನ್ನುತ್ತಾರೆ. ಒಂದು ಲೀಟರಿನಲ್ಲಿ 10 ಮಿಲಿಗ್ರಾಂ ಬಿಒಡಿ ಅಂತ ವರದಿ ಬರೆದರೆ ಏನು ಗೊತ್ತಾಯಿತು? ಸೆಕೆಂಡಿಗೆ 400 ಲೀಟರ್ ಹರಿಯುವಾಗ ಅದು ದಿನಕ್ಕೆ 345 ಕಿಲೋ, 40 ಲೀಟರ್ ಹರಿಯುವಾಗ ಬರೀ 34 ಕಿಲೋ. ಸಂಖ್ಯೆ ಒಂದೇ, ಕೆಳಗಿನ ನದಿಗೆ ಬೀಳುವ ಹೊರೆ ಹತ್ತು ಪಟ್ಟು ಬೇರೆ. "ಸರ್, ಸ್ಯಾಂಪಲ್ ತೆಗೆಯುವ ದಿನವೇ ಹರಿವನ್ನೂ ಅಳೆಯುತ್ತೇನೆ, ಆಗ ಹೊರೆಯ ಲೆಕ್ಕ ಕೊಡಬಹುದು" ಅಂತ ಕೇಳಿ ನೋಡಿ. ಬೇಡ ಅನ್ನುವ ಗೈಡ್ ನನಗೆ ಇನ್ನೂ ಸಿಕ್ಕಿಲ್ಲ. ಸ್ಯಾಂಪಲ್ ತೆಗೆಯುವ ಹೊತ್ತು ಒಂದೇ ಇರಲಿ. ಪಾಚಿ ಇರುವ ನೀರಿನಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನ ಏರಿ ಬೆಳಗಿನ ಜಾವಕ್ಕೆ ತಳ ಕಾಣುತ್ತದೆ. ಮಧ್ಯಾಹ್ನ ಎರಡಕ್ಕೆ ಹೋಗಿ ತೆಗೆದು, ಈ ನದಿ ಆರೋಗ್ಯವಾಗಿದೆ ಅಂತ ಬರೆದ ವರದಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸ್ಯಾಂಪಲ್‌ನಿಂದ ನಿಮಗೆ ಇನ್ನೊಂದು ಉಪಯೋಗವೂ ಇದೆ. ನಿಮ್ಮ ಹಳ್ಳಕ್ಕೆ ಯಾವುದಾದರೂ ಊರಿನ ಚರಂಡಿ ಸೇರುತ್ತದಾ ಅಂತ ಅದರಿಂದ ಗೊತ್ತಾಗುತ್ತದೆ. ವೃಷಭಾವತಿಯನ್ನು ನೋಡಿ. ಬೇಸಿಗೆಯಲ್ಲೂ ತುಂಬಿ ಹರಿಯುತ್ತದೆ, ಆದರೆ ಅದು ಮಳೆಯ ನೀರಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಎತ್ತಿ ತಂದ ಕಾವೇರಿಯ ನೀರು, ಮನೆಗಳ ಬಚ್ಚಲು ದಾಟಿ, ವೃಷಭಾವತಿಯಾಗಿ ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಅಂಥ ನೀರು ಬೆರೆತ ಕಡೆ ಹರಿವು ಮಾತ್ರ ನೋಡಿದವರು ನದಿ ಚೇತರಿಸಿಕೊಂಡಿದೆ ಅಂದುಬಿಡುತ್ತಾರೆ. ಉಪ್ಪಿನಂಶ ತೋರಿಸುವ ಇಸಿ ಮೀಟರನ್ನು ವಿಭಾಗದಿಂದ ಎರವಲು ಪಡೆದು ಹಳ್ಳದ ಉದ್ದಕ್ಕೂ ನಡೆದು ನೋಡಿ. ಸಂಖ್ಯೆ ತಟಕ್ಕನೆ ಏರಿದ ಜಾಗದಲ್ಲಿ ಯಾವುದಾದರೂ ಮೋರಿ ಬಂದು ಸೇರುತ್ತಿದೆಯಾ ಅಂತ ಹುಡುಕಿ.

ಇನ್ನು ಮಾಡೆಲ್ ಬಗ್ಗೆ, ಅಂದರೆ ಮಳೆ, ನೆಲದ ಅಂಕಿ ಕೊಟ್ಟು ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದರ ಬಗ್ಗೆ. ಕಲಿಯಿರಿ, ಖಂಡಿತ ಕಲಿಯಿರಿ, ಆದರೆ ಈ ಎಂಟು ತಿಂಗಳಲ್ಲಿ ಅದು ಮೊದಲ ಕೆಲಸ ಬೇಡ. ಮಾಡೆಲ್ ಸರಿಯಿದೆಯಾ ಅಂತ ಹೇಳಲು ಅಳೆದ ಹರಿವು ಬೇಕು, ಸಣ್ಣ ಹಳ್ಳಗಳಿಗೆ ಅದು ಯಾರ ಹತ್ತಿರವೂ ಇಲ್ಲ. ಒಮ್ಮೆ ನನ್ನ ಹತ್ತಿರ ಮೌಲ್ಯಮಾಪನಕ್ಕೆ ಬಂದ ಪ್ರಬಂಧದಲ್ಲಿ ಬಣ್ಣದ ನಕ್ಷೆಗಳು, ಅಂಕಿಗಳು ಎಲ್ಲ ಚೆನ್ನಾಗಿದ್ದವು. ಅದರ ಪ್ರಕಾರ ಆ ಹೊಳೆ ಏಪ್ರಿಲ್‌ನಲ್ಲೂ ಹರಿಯುತ್ತಿತ್ತು. ನಾನು ಆ ವರ್ಷ ಏಪ್ರಿಲ್‌ನಲ್ಲಿ ಅದೇ ಸೇತುವೆ ದಾಟಿದ್ದೆ. ಹೊಳೆಯ ಮಧ್ಯೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ವಿದ್ಯಾರ್ಥಿ ಜಾಣ, ಶ್ರಮವನ್ನೂ ಪಟ್ಟಿದ್ದ, ಅವನಿಗೆ ಒಂದು ಸಲ ಹೋಗಿ ನೋಡು ಅಂತ ಯಾರೂ ಹೇಳಿರಲಿಲ್ಲ. ತಪ್ಪು ಅವನದ್ದಲ್ಲ, ಕಲಿಸುವ ನಮ್ಮದೇ.

ನಿಮ್ಮ ಗೈಡ್ ಇದನ್ನು ಓದಿದರೆ ಅವರಿಗೂ ಒಂದು ಮಾತು. ವಿಭಾಗಕ್ಕೆ ಒಂದು ಹಳ್ಳ ಇಟ್ಟುಕೊಳ್ಳಿ. ಒಂದೇ ಸೇತುವೆ, ಒಂದೇ ನೋಟ್‌ಬುಕ್, ಪ್ರತಿ ಬ್ಯಾಚೂ ಮುಂದಿನ ಬ್ಯಾಚಿಗೆ ಅದನ್ನು ಕೈಯಲ್ಲಿ ಕೊಟ್ಟು ಹೋಗಲಿ. ಹತ್ತು ವರ್ಷಕ್ಕೆ ಹತ್ತು ವರ್ಷದ ದಾಖಲೆ ಆಗುತ್ತದೆ, ಅಂಥದ್ದು ನಮ್ಮ ಸಣ್ಣ ಹೊಳೆಗಳ ಬಗ್ಗೆ ಸಿಗುವುದು ತೀರಾ ಅಪರೂಪ. ಈಗ ಏನಾಗುತ್ತಿದೆ? ಪ್ರತಿ ವರ್ಷ ಹೊಸ ವಿಷಯ, ಹೊಸ ನದಿ, ವೈವಾ ಮುಗಿದ ಮೇಲೆ ಅಂಕಿಗಳು ಬೈಂಡ್ ಆಗಿ ಕಪಾಟಿಗೆ ಹೋಗುತ್ತವೆ.

ಅಳತೆಗೆ ಅಷ್ಟು ಬೆಲೆ ಇದೆಯಾ ಅಂತ ಅನ್ನಿಸಿದರೆ ನಿಮ್ಮ ಹಳ್ಳದ ಜೊತೆ ಕೆಳಗೆ ನಡೆದುಕೊಂಡು ಬನ್ನಿ. ಕನಕಪುರದ ಹತ್ತಿರ ಟಿ. ಬೆಕುಪ್ಪೆಯಲ್ಲಿ ಕೇಂದ್ರ ಜಲ ಆಯೋಗ ಅರ್ಕಾವತಿಯ ಹರಿವನ್ನು ಅಳೆಯುತ್ತದೆ. ಕಾವೇರಿ ಜಲಾನಯನದ ಇಂಥ ಕೇಂದ್ರಗಳ ಅಂಕಿಗಳು ಇಂಡಿಯಾ-ವ್ರಿಸ್ ಜಾಲತಾಣದಲ್ಲಿ ಸಿಗುತ್ತವೆ, ನಿಮ್ಮ ಹಳ್ಳದ ಅಳತೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು. ಮುಂದೆ ಸಂಗಮ, ಮೇಕೆದಾಟು, ಅದರ ಕೆಳಗೆ ಬಿಳಿಗುಂಡ್ಲು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಂತ ಹೇಳಿತಲ್ಲ, ಅದನ್ನು ಎಣಿಸುವುದು ಆ ಬಿಳಿಗುಂಡ್ಲುವಿನಲ್ಲೇ. ನಿಮ್ಮೂರ ಹಳ್ಳದ ನೀರು ಅಷ್ಟು ದೂರ ತಲುಪಿದರೆ ಅದೂ ಆ ಲೆಕ್ಕದಲ್ಲಿದೆ. ಎರಡು ರಾಜ್ಯಗಳು ಕಣ್ಣಿಟ್ಟು ಕೂತಿರುವ ಅಳತೆಗೂ ನಿಮ್ಮ ನಿಂಬೆಹಣ್ಣಿನ ಅಳತೆಗೂ ಮೂಲ ಸೂತ್ರ ಒಂದೇ, ಅಡ್ಡ ಅಳತೆ ಗುಣಿಸು ವೇಗ.

ಜಾಗ್ರತೆ ಇರಲಿ. ಒಬ್ಬರೇ ನೀರಿಗೆ ಇಳಿಯಬೇಡಿ. ಕೆಂಪು ನೀರು ಬರುತ್ತಿದ್ದರೆ, ಮೊಣಕಾಲು ದಾಟಿದ ಸೆಳೆತ ಇದ್ದರೆ ಇಳಿಯಲೇಬೇಡಿ, ಸೇತುವೆ ಮೇಲಿಂದ ಮಟ್ಟ ಮಾತ್ರ ನೋಡಿ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ, ಪ್ರತಿ ಹೆಜ್ಜೆಗೂ ಕೋಲು ಮುಂದೆ ಇಡಿ. ಚರಂಡಿ ಸೇರುವ ಕಡೆ ಗಂಬೂಟು, ಕೈಗವಸು ಬೇಕು, ಕಾಲಲ್ಲಿ ಗಾಯ ಇದ್ದರೆ ಹೋಗಬೇಡಿ, ಇಲಿ ಜ್ವರ ಸುಮ್ನೆ ಮಾತಲ್ಲ. ನಿಮ್ಮ ಅಳತೆಗಿಂತ ನೀವು ಮುಖ್ಯ.

ಕೆಲಸದ ಮಾತು ಬಂತಲ್ಲ, ಮುಂದಿನ ಓದಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲಕ್ಕೆ ವಿಭಾಗವೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೀರಿನ ಸಂಶೋಧನಾ ಕೇಂದ್ರ ಇದೆ, ಏಟ್ರೀಯಲ್ಲಿ ಪಿಎಚ್.ಡಿ. ಮಾಡಬಹುದು. ರೂರ್ಕಿಯ ಐಐಟಿಯ ಜಲವಿಜ್ಞಾನ ವಿಭಾಗ ದೇಶದಲ್ಲೇ ಹಳೆಯದು, 1972ರದ್ದು. ಅದೇ ಊರಿನ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಒಂದು ಪ್ರಾದೇಶಿಕ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ, ಗಟ್ಟಿ ಕಲ್ಲಿನ ನೆಲದ ನೀರೇ ಅವರ ವಿಷಯ, ಅಂದರೆ ನಿಮ್ಮೂರಿನ ಪ್ರಶ್ನೆಯೇ. ಇಂಥ ಕಡೆ ಸಂದರ್ಶನಕ್ಕೆ ಹೋದಾಗ ಎಂಟು ತಿಂಗಳ ಕೈಬರಹದ ಹರಿವಿನ ಪುಸ್ತಕ ಜೊತೆಯಲ್ಲಿ ಇರಲಿ. ಎದುರು ಕೂತವರು ಅದನ್ನು ಕೇಳಿ ಪಡೆದು ಪುಟ ತಿರುವುತ್ತಾರೆ. ಆ ಕಡೆ ಕೂತು ನಾನೂ ತಿರುವಿದ್ದೇನೆ.

ಈ ಭಾನುವಾರ ಮಳೆ ಇಲ್ಲದಿದ್ದರೆ ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ ಮೊದಲ ಅಳತೆ ಮಾಡಿ. ಅಜ್ಜಿ ಬಟ್ಟೆ ಒಗೆಯುತ್ತಿದ್ದ ಕಲ್ಲು ಇನ್ನೂ ಅಲ್ಲೇ ಇದೆಯಾ ಅಂತಲೂ ಕೇಳಿಕೊಂಡು ಹೋಗಿ. ಇದ್ದರೆ ಆಗ ನೀರು ಕಲ್ಲಿನ ಎಲ್ಲಿಯವರೆಗೆ ಬರುತ್ತಿತ್ತು ಅಂತ ಅವರಿಂದಲೇ ಬೆರಳಿಟ್ಟು ತೋರಿಸಿಕೊಂಡು ಅಲ್ಲಿಗೆ ಒಂದು ಗೆರೆ ಹಾಕಿ, ಇಂದಿನ ಮಟ್ಟ ಅದಕ್ಕಿಂತ ಎಷ್ಟು ಕೆಳಗಿದೆ ಅಂತ ಅಳೆಯಿರಿ. ಆ ಪುಟದ ಫೋಟೋ ನನಗೆ ಕಳಿಸಿ. ಲೆಕ್ಕ ಸರಿಯಿದೆಯಾ ನೋಡಿ ಹೇಳುತ್ತೇನೆ.